ಅಟ್ಟದಲ್ಲಿ ಸಿಕ್ಕ ಬಿಬಿಸಿ ಮೈಕ್ರೋ: ಮೊದಲು ಕ್ಯಾಸೆಟ್, ಆಮೇಲೆ ಸ್ವಿಚ್ಚು

ಪ್ರಶ್ನೆ: ಸಾಗರ ತಾಲ್ಲೂಕಿನ ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದಲ್ಲಿ ಗೋಣಿಚೀಲ ಸುತ್ತಿಟ್ಟಿದ್ದ ಒಂದು ಬಿಬಿಸಿ ಮೈಕ್ರೋಕಂಪ್ಯೂಟರ್ ಸಿಕ್ಕಿತು. ಕಳೆದ ವರ್ಷ ತೀರಿಕೊಂಡ ನಮ್ಮ ತಂದೆಯವರು ಪ್ರೌಢಶಾಲೆಯಲ್ಲಿ ಗಣಿತದ ಮೇಷ್ಟ್ರಾಗಿದ್ದರು. ಎಂಬತ್ತರ ದಶಕದಲ್ಲಿ ಶಾಲೆಗೆ ಬಂದಿದ್ದ ಈ ಯಂತ್ರವನ್ನು ಮುಂದೆ ಹರಾಜು ಹಾಕಿದಾಗ ಅವರೇ ಕೊಂಡು ತಂದಿದ್ದರಂತೆ. ಜೊತೆಯಲ್ಲಿ ಮೂರು ಕ್ಯಾಸೆಟ್‌ಗಳಿದ್ದು, ಒಂದರ ಮೇಲೆ ಅವರ ಕೈಬರಹದಲ್ಲಿ 'ಕನ್ನಡ ಅಕ್ಷರ' ಎಂದು ಬರೆದಿದೆ. ಕ್ಯಾಸೆಟ್‌ಗಳ ಒಳಗೆ ಅಲ್ಲಲ್ಲಿ ಬಿಳಿಯ ಬೂಷ್ಟು ಕಾಣುತ್ತದೆ. ಯಂತ್ರವನ್ನು ಕರೆಂಟಿಗೆ ಹಾಕಿ ನೋಡಬಹುದೇ? ಕ್ಯಾಸೆಟ್‌ನಲ್ಲಿರುವುದನ್ನು ಈಗ ಓದಲು ಸಾಧ್ಯವೇ? ಇಂದಿನ ಟಿವಿಗೆ ಇದನ್ನು ಜೋಡಿಸುವುದು ಹೇಗೆ?

ಉತ್ತರ: ನಿಮ್ಮ ಮೂರು ಪ್ರಶ್ನೆಗಳಿಗೂ ಉತ್ತರಿಸುತ್ತೇನೆ, ಆದರೆ ನೀವು ಕೇಳಿದ ಕ್ರಮದಲ್ಲಿ ಅಲ್ಲ. ಯಂತ್ರವನ್ನು ದಯವಿಟ್ಟು ಈಗಲೇ ಕರೆಂಟಿಗೆ ಹಾಕಬೇಡಿ. ಕ್ಯಾಸೆಟ್‌ಗಳನ್ನು ಮನೆಯಲ್ಲಿರುವ ಯಾವುದಾದರೂ ಹಳೆಯ ಟೇಪ್ ರೆಕಾರ್ಡರಿಗೆ ತುರುಕಿ ಒಮ್ಮೆ ಕೇಳಿ ನೋಡೋಣ ಎಂಬ ಆಸೆಯನ್ನೂ ಸದ್ಯಕ್ಕೆ ತಡೆದುಕೊಳ್ಳಿ. ಇಂಥ ಪೆಟ್ಟಿಗೆ ಸಿಕ್ಕವರೆಲ್ಲರ ಕೈ ಮೊದಲು ಹೋಗುವುದು ಯಂತ್ರದ ಸ್ವಿಚ್ಚಿನ ಕಡೆಗೆ. ಆದರೆ ಬಿಬಿಸಿ ಮೈಕ್ರೋಗಳು ಹತ್ತು ಲಕ್ಷಕ್ಕೂ ಹೆಚ್ಚು ತಯಾರಾಗಿದ್ದು, ಅದರ ಬಹುತೇಕ ಬಿಡಿಭಾಗಗಳು ಇಂದಿಗೂ ಸಿಗುತ್ತವೆ, ಸರ್ಕ್ಯೂಟ್ ನಕ್ಷೆ ಎಲ್ಲರಿಗೂ ಲಭ್ಯವಿದೆ, ಕೆಟ್ಟರೆ ರಿಪೇರಿ ಮಾಡಬಹುದು. ನಿಮ್ಮ ತಂದೆಯವರ ಕೈಬರಹವಿರುವ ಆ ಕ್ಯಾಸೆಟ್ ಮಾತ್ರ ಲೋಕದಲ್ಲಿ ಒಂದೇ ಒಂದು ಇರುವುದು. ಆದ್ದರಿಂದ ಕ್ಯಾಸೆಟ್‌ನ ಕೆಲಸ ಮೊದಲು ಮುಗಿಯಲಿ.

ಯಂತ್ರದ ಹಿನ್ನೆಲೆಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಕೇಂಬ್ರಿಜ್‌ನ ಏಕಾರ್ನ್ ಕಂಪನಿ ಇದನ್ನು ಬ್ರಿಟನ್ನಿನ ಬಿಬಿಸಿಯ ಗಣಕ ಸಾಕ್ಷರತಾ ಯೋಜನೆಗಾಗಿ ರೂಪಿಸಿ 1981ರ ಕೊನೆಯಲ್ಲಿ ಹೊರತಂದಿತು. ಮಾಡೆಲ್ ಬಿ ಎಂಬ ಮಾದರಿಯಲ್ಲಿ 2 ಮೆಗಾಹರ್ಟ್ಸ್ ವೇಗದ 6502 ಪ್ರೊಸೆಸರ್ ಮತ್ತು 32 ಕಿಲೋಬೈಟ್ ರ‍್ಯಾಮ್ ಇರುತ್ತವೆ. 1984ರಲ್ಲಿ ಭಾರತ ಸರ್ಕಾರ ಶಾಲೆಗಳಿಗಾಗಿ 'ಕ್ಲಾಸ್' ಎಂಬ ಹೆಸರಿನ ಪ್ರಾಯೋಗಿಕ ಗಣಕ ಶಿಕ್ಷಣ ಯೋಜನೆಯನ್ನು ಆರಂಭಿಸಿದಾಗ ದೇಶದ ಸುಮಾರು 250 ಶಾಲೆಗಳನ್ನು ಆರಿಸಿಕೊಂಡು ಅಲ್ಲಿಗೆ ಕಳಿಸಿದ್ದು ಇದೇ ಯಂತ್ರವನ್ನು. ಮುಂದೆ ಸರ್ಕಾರಿ ಸ್ವಾಮ್ಯದ ಸೆಮಿಕಂಡಕ್ಟರ್ ಕಾಂಪ್ಲೆಕ್ಸ್ ಸಂಸ್ಥೆ ಪರವಾನಗಿ ಪಡೆದು 'ಯೂನಿಕಾರ್ನ್' ಎಂಬ ಹೆಸರಿನಲ್ಲಿ ಇದನ್ನು ನಮ್ಮಲ್ಲಿಯೇ ತಯಾರಿಸಿತು. ನಿಮ್ಮದು ಯಾವುದೆಂದು ಯಂತ್ರದ ಅಡಿಭಾಗದ ಮತ್ತು ಹಿಂಬದಿಯ ಚೀಟಿಗಳಿಂದ ತಿಳಿಯಬಹುದು. ಆ ಚೀಟಿಗಳನ್ನೂ ಶಾಲೆಯ ದಾಸ್ತಾನು ಸಂಖ್ಯೆ ಬರೆದ ಬಣ್ಣದ ಗುರುತೇನಾದರೂ ಇದ್ದರೆ ಅದನ್ನೂ ಒರೆಸಿ ಹಾಕದೆ ಫೋಟೋ ತೆಗೆದಿಡಿ.

ಇನ್ನು ಕ್ಯಾಸೆಟ್‌ಗಳ ವಿಷಯ. ಮೊಟ್ಟಮೊದಲು ಮಾಡಬೇಕಾದ ಕೆಲಸ ತೀರ ಸಣ್ಣದು, ಆದರೆ ಅದನ್ನು ಮರೆತು ಪಶ್ಚಾತ್ತಾಪಪಟ್ಟವರನ್ನು ಕಂಡಿದ್ದೇನೆ. ಕ್ಯಾಸೆಟ್‌ನ ಹಿಂಬದಿಯ ಅಂಚಿನಲ್ಲಿ ಎಡಕ್ಕೊಂದು ಬಲಕ್ಕೊಂದು ಪುಟ್ಟ ಪ್ಲಾಸ್ಟಿಕ್ ಚೂರುಗಳಿರುತ್ತವೆ. ಅವು ಇನ್ನೂ ಹಾಗೆಯೇ ಉಳಿದಿದ್ದರೆ ಎರಡನ್ನೂ ಮುರಿದು ತೆಗೆಯಿರಿ. ಆಗ ಯಾವ ರೆಕಾರ್ಡರಿನಲ್ಲಿಯೂ ಕೈತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಅದು ಇಳಿಯುವುದಿಲ್ಲ, ಹಳೆಯದು ಅಳಿಸಿಹೋಗುವುದಿಲ್ಲ.

ಬೂಷ್ಟು ಬಂದಿರುವುದು ಮಲೆನಾಡಿನ ಮಳೆಗಾಲಗಳನ್ನು ನೆನೆದರೆ ಆಶ್ಚರ್ಯವೇನಲ್ಲ, ಹತಾಶರಾಗುವ ಕಾರಣವೂ ಇಲ್ಲ. ಹೊರಗೆ ಕಾಣುವ ಬೂಷ್ಟು ಸಾಮಾನ್ಯವಾಗಿ ಸುರುಳಿಯ ಅಂಚಿನ ಮೇಲೆ ಬೆಳೆದಿರುತ್ತದೆ. ಮಾಹಿತಿ ಇರುವುದು ಟೇಪಿನ ಅಗಲ ಮುಖದ ಮೇಲಿನ ಕಾಂತೀಯ ಲೇಪದಲ್ಲಿ, ಮತ್ತು ಆ ಮುಖಗಳು ಒಂದರ ಮೇಲೊಂದು ಬಿಗಿಯಾಗಿ ಸುತ್ತಿಕೊಂಡಿರುವುದರಿಂದ ಬಹಳಷ್ಟು ಸಲ ಸುರಕ್ಷಿತವಾಗಿಯೇ ಉಳಿದಿರುತ್ತವೆ. ಕ್ಯಾಸೆಟ್‌ಗಳನ್ನು ಗಾಳಿಯಾಡದ ಡಬ್ಬಿಯೊಂದರಲ್ಲಿ, ಚಪ್ಪಲಿ ಪೆಟ್ಟಿಗೆಗಳೊಳಗೆ ಬರುವಂಥ ಸಿಲಿಕಾ ಜೆಲ್ ಪೊಟ್ಟಣಗಳ ಜೊತೆಗೆ ಎರಡು ವಾರ ಇಡಿ. ಬಿಸಿಲಿಗೆ ಒಣಹಾಕಬೇಡಿ, ಕೂದಲು ಒಣಗಿಸುವ ಯಂತ್ರದ ಬಿಸಿಗಾಳಿಯನ್ನು ಹಾಯಿಸಬೇಡಿ; ಬಿಸಿಗೆ ಟೇಪಿನ ಪ್ಲಾಸ್ಟಿಕ್ ಪಟ್ಟಿ ಸೊಟ್ಟಗಾದರೆ ಅದನ್ನು ಸರಿಪಡಿಸುವ ದಾರಿಯೇ ಇಲ್ಲ. ಒಣಗಿದ ಮೇಲೆ ಮೂಗು ಬಾಯಿಗೆ ಮಾಸ್ಕ್ ಕಟ್ಟಿಕೊಂಡು, ಮನೆಯ ಹೊರಗೆ, ಕ್ಯಾಸೆಟ್‌ನ ಐದು ಸಣ್ಣ ಸ್ಕ್ರೂಗಳನ್ನು ಬಿಚ್ಚಿ, ಸುರುಳಿಗಳನ್ನು ಅಲುಗದಂತೆ ಹೊರತೆಗೆದು ಅವುಗಳ ಅಂಚನ್ನು ಮೆತ್ತನೆಯ ಒಣ ಕುಂಚದಿಂದ ನಿಧಾನವಾಗಿ ಗುಡಿಸಿ. ಸ್ಕ್ರೂ ಇಲ್ಲದೆ ಅಂಟಿಸಿದ ಮಾದರಿಯಾಗಿದ್ದರೆ ಅಂಟಿನ ಗೆರೆಯ ಉದ್ದಕ್ಕೂ ತೆಳುವಾದ ಬ್ಲೇಡು ಹಾಯಿಸಿ ಬಿಡಿಸಬೇಕಾಗುತ್ತದೆ. ಆಮೇಲೆ ಹೊಸ ಕ್ಯಾಸೆಟ್ ಒಂದರ ಖಾಲಿ ಕವಚದೊಳಗೆ ಆ ಸುರುಳಿಗಳನ್ನು ಕೂರಿಸಿ. ಹಳೆಯ ಕವಚದಲ್ಲಿ ಟೇಪನ್ನು ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಉಣ್ಣೆಯ ತುಂಡು ಅಂಟು ಬಿಟ್ಟು ಬಿದ್ದುಹೋಗಿರುವ ಸಾಧ್ಯತೆ ಹೆಚ್ಚು; ಹೊಸ ಕವಚದಲ್ಲಿ ಆ ತೊಂದರೆಯೂ ತಪ್ಪುತ್ತದೆ. ಮೊದಲ ಸಲ ಇದನ್ನು ಮಾಡುವವರು ಹಾಡಿನ ಹಳೆಯ ಕ್ಯಾಸೆಟ್ ಒಂದರ ಮೇಲೆ ಎರಡು ಸಲ ಅಭ್ಯಾಸ ಮಾಡಿಕೊಳ್ಳುವುದು ಒಳ್ಳೆಯದು.

ಟೇಪ್ ಪ್ಲೇಯರಿನ ಆಯ್ಕೆಯಲ್ಲಿ ನನ್ನದೇ ಒಂದು ಕಹಿ ಅನುಭವವನ್ನು ಹೇಳಬೇಕು. ಹಲವು ವರ್ಷಗಳ ಹಿಂದೆ ಸ್ನೇಹಿತರೊಬ್ಬರು ನಂಬಿ ಕೊಟ್ಟಿದ್ದ ಪ್ರೋಗ್ರಾಮ್ ಕ್ಯಾಸೆಟ್ಟನ್ನು ಪರೀಕ್ಷೆ ಮಾಡದ ಹಳೆಯ ಪ್ಲೇಯರಿಗೆ ಹಾಕಿದೆ. ಅದರ ರಬ್ಬರ್ ಗಾಲಿ ಗಟ್ಟಿಯಾಗಿ ಹೊಳಪು ಬಂದುಬಿಟ್ಟಿತ್ತು, ಬೆಲ್ಟು ಸಡಿಲವಾಗಿತ್ತು. ಟೇಪನ್ನು ಎಳೆದುಕೊಳ್ಳುತ್ತಿದ್ದ ಕಡೆ ಸುರುಳಿ ತಿರುಗದೆ ಅದು ಒಳಗೆ ಸಿಕ್ಕಿಕೊಂಡು ನುಲಿದುಹೋಯಿತು. ಸುಮಾರು ಒಂದು ಮೊಳದಷ್ಟು ಟೇಪು ಹಾಳಾಗಿ, ಆ ಒಂದು ಮೊಳದಲ್ಲಿದ್ದದ್ದು ಮರಳಿ ಸಿಗಲೇ ಇಲ್ಲ. ಅಂದಿನಿಂದ ನಾನು ಇಟ್ಟುಕೊಂಡಿರುವ ನಿಯಮವೆಂದರೆ, ಬೆಲ್ಟು ಹೊಸದಾಗಿ ಹಾಕಿಸಿದ, ಗಾಲಿ ಮತ್ತು ಹೆಡ್ಡನ್ನು ಐಸೋಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿದ, ಬೇಡವಾದ ಕ್ಯಾಸೆಟ್ ಒಂದನ್ನು ಎರಡೂ ಬದಿ ಪೂರ್ತಿಯಾಗಿ ಓಡಿಸಿ ನೋಡಿದ ಪ್ಲೇಯರಿಗಲ್ಲದೆ ಮುಖ್ಯವಾದ ಕ್ಯಾಸೆಟ್ಟನ್ನು ಹಾಕಕೂಡದು. ಬೂಷ್ಟು ಇದ್ದ ಟೇಪು ಓಡಿದ ಮೇಲೆ ಪ್ರತಿ ಸಲವೂ ಹೆಡ್ಡನ್ನು ಮತ್ತೆ ಒರೆಸಬೇಕು. ನಿಮ್ಮ ತಂದೆಯವರು ಬಳಸುತ್ತಿದ್ದ ಟೇಪ್ ರೆಕಾರ್ಡರೂ ಅಟ್ಟದಲ್ಲಿ ಇದ್ದರೆ, ಅದು ಎಷ್ಟೇ ಕೆಟ್ಟಿದ್ದರೂ ಗುಜರಿಗೆ ಕೊಡಬೇಡಿ. ಏಕೆಂದು ಮುಂದೆ ಹೇಳುತ್ತೇನೆ.

ಈಗ ಟೇಪನ್ನು ಓದುವುದು. ಇದಕ್ಕೆ ಬಿಬಿಸಿ ಮೈಕ್ರೋ ಬೇಕಾಗಿಲ್ಲ ಎಂಬುದು ಬಹಳ ಜನರಿಗೆ ತಿಳಿದಿರುವುದಿಲ್ಲ. ಟೇಪಿನಲ್ಲಿರುವುದು ಶಬ್ದ ಮಾತ್ರ. ಪ್ಲೇಯರಿನ ಹೆಡ್‌ಫೋನ್ ಅಥವಾ ಲೈನ್ ಔಟ್ ಕಿಂಡಿಯಿಂದ ಲ್ಯಾಪ್‌ಟಾಪಿಗೆ ತಂತಿ ಹಾಯಿಸಿ, ಆಡಾಸಿಟಿಯಂಥ ಉಚಿತ ತಂತ್ರಾಂಶದಲ್ಲಿ ಪ್ರತಿ ಬದಿಯನ್ನೂ ಮೊದಲಿನಿಂದ ಕೊನೆಯವರೆಗೆ ಒಂದೇ ಓಟದಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಇಂದಿನ ಲ್ಯಾಪ್‌ಟಾಪುಗಳ ಮೈಕ್ ಕಿಂಡಿ ಇದಕ್ಕೆ ಅಷ್ಟಾಗಿ ಒಗ್ಗುವುದಿಲ್ಲವಾದ್ದರಿಂದ ಲೈನ್ ಇನ್ ಇರುವ ಯುಎಸ್‌ಬಿ ಆಡಿಯೋ ಅಡಾಪ್ಟರ್ ಒಂದನ್ನು ಕೊಳ್ಳುವುದು ಮೇಲು. 44.1 ಕಿಲೋಹರ್ಟ್ಸ್, 16 ಬಿಟ್ ವೇವ್ ಕಡತವಾಗಿ ಉಳಿಸಿ. ಎಂಪಿ3 ಆಗಿ ಮಾತ್ರ ಉಳಿಸಬೇಡಿ. ಮನುಷ್ಯನ ಕಿವಿಗೆ ಕೇಳಿಸದ್ದನ್ನು ಕಳೆದುಹಾಕುವ ಆ ವಿಧಾನ ಗಣಕದ ಸಂಕೇತದ ಅಂಚುಗಳನ್ನು ಮಸುಕು ಮಾಡುತ್ತದೆ. ಡಾಲ್ಬಿ ಮತ್ತು ಸದ್ದು ತಗ್ಗಿಸುವ ಸೌಲಭ್ಯಗಳೆಲ್ಲ ಆಫ್ ಆಗಿರಲಿ, ಶಬ್ದದ ಮಟ್ಟ ಮೇಲಂಚಿಗೆ ತಾಗಿ ಚಪ್ಪಟೆಯಾಗದಿರಲಿ. ಪ್ಲೇಯರ್ ಸ್ಟೀರಿಯೋ ಆಗಿದ್ದರೆ ಸ್ಟೀರಿಯೋದಲ್ಲಿಯೇ ರೆಕಾರ್ಡ್ ಮಾಡಿ. ಮೂಲ ರೆಕಾರ್ಡಿಂಗ್ ಮೋನೋ ಆಗಿದ್ದರೂ ಸ್ಟೀರಿಯೋ ಹೆಡ್ಡು ಆ ಪಟ್ಟಿಯ ಎರಡು ಅರ್ಧಗಳನ್ನು ಬೇರೆ ಬೇರೆಯಾಗಿ ಓದುತ್ತದೆ. ಒಂದು ಅರ್ಧದಲ್ಲಿ ಬೂಷ್ಟಿನ ಕಲೆಯಿದ್ದರೆ ಇನ್ನೊಂದರಲ್ಲಿ ಸಂಕೇತ ಶುದ್ಧವಾಗಿ ಉಳಿದಿರಬಹುದು.

ಆ ಶಬ್ದದೊಳಗೆ ಏನಿದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಇದನ್ನು ತಿಳಿದುಕೊಂಡವರು ಟೇಪಿನ ಒಂದೆಡೆ ದೋಷ ಕಂಡಾಗ ಎಲ್ಲವೂ ಹೋಯಿತೆಂದು ಕೈಬಿಡುವುದಿಲ್ಲ. ಬಿಬಿಸಿ ಮೈಕ್ರೋ ಸೊನ್ನೆಯನ್ನು 1200 ಹರ್ಟ್ಸ್‌ನ ಒಂದು ಅಲೆಯಾಗಿಯೂ ಒಂದನ್ನು 2400 ಹರ್ಟ್ಸ್‌ನ ಎರಡು ಅಲೆಗಳಾಗಿಯೂ ಬರೆಯುತ್ತದೆ. ಎರಡಕ್ಕೂ ತಗಲುವ ಕಾಲ ಒಂದೇ, ಅಂದರೆ ಸೆಕೆಂಡಿಗೆ 1200 ಬಿಟ್. ಒಂದು ಬೈಟಿಗೆ ಆರಂಭದ ಮತ್ತು ಕೊನೆಯ ಗುರುತುಗಳೂ ಸೇರಿ 10 ಬಿಟ್ ಆಗುವುದರಿಂದ ಸೆಕೆಂಡಿಗೆ 120 ಬೈಟ್ ಸಾಗುತ್ತದೆ. ಪ್ರೋಗ್ರಾಮನ್ನು 256 ಬೈಟುಗಳ ತುಂಡುಗಳಾಗಿ ಮಾಡಿ, ಪ್ರತಿ ತುಂಡಿನ ಮುಂದೆ ಕಡತದ ಹೆಸರು ಮತ್ತು ತುಂಡಿನ ಕ್ರಮಸಂಖ್ಯೆಯನ್ನು ಬರೆದು, ತಲೆಬರಹಕ್ಕೊಂದು, ಒಳಗಿನ ಮಾಹಿತಿಗೊಂದು ಎಂದು, ಓದಿದ್ದು ಸರಿಯೇ ಎಂದು ತಾಳೆ ನೋಡಲು, ಎರಡು ತಾಳೆಸಂಖ್ಯೆಗಳನ್ನು ಸೇರಿಸಿರುತ್ತಾರೆ. ತುಂಡುಗಳ ನಡುವಿನ ಬಿಡುವುಗಳನ್ನೂ ಲೆಕ್ಕ ಹಿಡಿದರೆ 10 ಕಿಲೋಬೈಟಿನ ಪ್ರೋಗ್ರಾಮ್ ಸುಮಾರು 2 ನಿಮಿಷದಷ್ಟು ಶಬ್ದವಾಗುತ್ತದೆ. ಕೇಳಿದಾಗ ಮೊದಲು ಎಡೆಬಿಡದ ಸಿಳ್ಳೆ, ಅದರ ಹಿಂದೆಯೇ ಕರಕರ ಎನ್ನುವ ಸದ್ದು, ಮತ್ತೆ ಚಿಕ್ಕ ಸಿಳ್ಳೆ, ಮತ್ತೆ ಕರಕರ ಹೀಗೆ ಬಂದರೆ ಅದು ಬಿಬಿಸಿಯ ಕಡತವೇ ಎಂದು ಕಿವಿಯಿಂದಲೇ ಗುರುತಿಸಬಹುದು.

ಈ ತುಂಡುಗಳ ವ್ಯವಸ್ಥೆಯನ್ನು ನಾನು ಬಹಳವಾಗಿ ಮೆಚ್ಚುತ್ತೇನೆ. ಅದೇ ಕಾಲದ ಕೆಲವು ಗಣಕಗಳು ಇಡೀ ಪ್ರೋಗ್ರಾಮನ್ನು ಒಂದೇ ಉದ್ದನೆಯ ಸರಮಾಲೆಯಾಗಿ ಬರೆಯುತ್ತಿದ್ದವು. ಎಲ್ಲೋ ಒಂದು ಕಡೆ ದೋಷ ಬಂದರೆ ಮತ್ತೆ ಮೊದಲಿನಿಂದ ಆರಂಭಿಸಬೇಕು. ಬಿಬಿಸಿ ಮೈಕ್ರೋದಲ್ಲಿ ಒಂದು ತುಂಡು ತಾಳೆಯಾಗದಿದ್ದರೆ ಯಂತ್ರವೇ ಟೇಪನ್ನು ಸ್ವಲ್ಪ ಹಿಂದಕ್ಕೆ ಸುತ್ತಿರೆಂದು ಕೇಳುತ್ತದೆ. ಸುತ್ತಿದರೆ ಆ ತುಂಡನ್ನಷ್ಟೇ ಮತ್ತೆ ಓದಿಕೊಂಡು ಮುಂದೆ ಸಾಗುತ್ತದೆ. ನಿಮ್ಮ ವಿಷಯದಲ್ಲಿ ಇದರ ಪ್ರಯೋಜನವೇನೆಂದರೆ, ಮೊದಲ ಓಟದಲ್ಲಿ 7ನೆಯ ತುಂಡು, ಎರಡನೆಯ ಓಟದಲ್ಲಿ 19ನೆಯ ತುಂಡು ಕೆಟ್ಟಿದ್ದರೆ ಎರಡು ರೆಕಾರ್ಡಿಂಗ್‌ಗಳಿಂದ ಒಳ್ಳೆಯ ತುಂಡುಗಳನ್ನು ಆಯ್ದು ಒಂದು ಪೂರ್ಣ ಪ್ರೋಗ್ರಾಮನ್ನು ಕಟ್ಟಬಹುದು. ವೇವ್ ಕಡತವನ್ನು ಓದಿ ಯುಇಎಫ್ ಎಂಬ ಸ್ವರೂಪಕ್ಕೆ ತರುವ ಉಚಿತ ತಂತ್ರಾಂಶಗಳನ್ನು ಹವ್ಯಾಸಿಗಳು ಬರೆದಿದ್ದಾರೆ. ಆ ಯುಇಎಫ್ ಕಡತವನ್ನು ಬ್ರೌಸರಿನಲ್ಲಿಯೇ ನಡೆಯುವ ಜೆಎಸ್‌ಬೀಬ್ ಎಂಬ ಎಮ್ಯುಲೇಟರಿಗೆ (ಹಳೆಯ ಯಂತ್ರವನ್ನು ಅನುಕರಿಸುವ ತಂತ್ರಾಂಶಕ್ಕೆ) ಕೊಟ್ಟರೆ, ಯಂತ್ರದ ಒಂದು ಸ್ಕ್ರೂವನ್ನೂ ಬಿಚ್ಚದೆ, ಒಂದು ವೋಲ್ಟ್ ಕರೆಂಟನ್ನೂ ಹಳೆಯ ಯಂತ್ರಕ್ಕೆ ಹಾಯಿಸದೆ ನಿಮ್ಮ ತಂದೆಯವರ ಪ್ರೋಗ್ರಾಮ್ ಪರದೆಯ ಮೇಲೆ ಕಾಣಿಸುತ್ತದೆ.

ಎಲ್ಲ ತುಂಡುಗಳೂ ಕೆಟ್ಟಂತೆ ಕಂಡರೆ ದೋಷ ಟೇಪಿನದಲ್ಲ, ಹೆಡ್ಡಿನ ಓರೆಯದು ಎಂದು ಮೊದಲು ಅನುಮಾನಿಸಿ. ರೆಕಾರ್ಡ್ ಮಾಡಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ಓರೆಯಾಗಿದ್ದರೆ ಟೇಪಿನ ಮೇಲಿನ ಗುರುತುಗಳೂ ಅದೇ ಓರೆಯಲ್ಲಿರುತ್ತವೆ. ನೇರವಾಗಿರುವ ಬೇರೊಂದು ಹೆಡ್ಡು ಅವನ್ನು ಓದಿದಾಗ 2400 ಹರ್ಟ್ಸ್‌ನ ಭಾಗ ಮಂಕಾಗಿ ಕೇಳುತ್ತದೆ. ಪ್ಲೇಯರಿನ ಹೆಡ್ಡಿನ ಪಕ್ಕದಲ್ಲಿರುವ ಸ್ಪ್ರಿಂಗ್ ಹಾಕಿದ ಸ್ಕ್ರೂವನ್ನು ಟೇಪು ಓಡುತ್ತಿರುವಾಗಲೇ ಎಳ್ಳಷ್ಟು ಎಳ್ಳಷ್ಟಾಗಿ ತಿರುಗಿಸುತ್ತ, ಸಿಳ್ಳೆ ಅತ್ಯಂತ ಚೂಪಾಗಿ ಕೇಳುವ ಜಾಗದಲ್ಲಿ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಈ ಹೊಂದಾಣಿಕೆ ಬೇರೆಯಾಗಬಹುದು. ತಂದೆಯವರ ರೆಕಾರ್ಡರನ್ನು ಇಟ್ಟುಕೊಳ್ಳಿ ಎಂದದ್ದು ಇದಕ್ಕಾಗಿಯೇ: ಆ ಟೇಪುಗಳನ್ನು ಬರೆದ ಓರೆ ಆ ಹೆಡ್ಡಿನಲ್ಲಿ ಇನ್ನೂ ಹಾಗೆಯೇ ಇರಬಹುದು, ಬೆಲ್ಟು ಬದಲಿಸಿದರೆ ತನ್ನ ಟೇಪನ್ನು ತಾನೇ ಎಲ್ಲರಿಗಿಂತ ಚೆನ್ನಾಗಿ ಓದಬಹುದು.

'ಕನ್ನಡ ಅಕ್ಷರ' ಎಂಬ ಹೆಸರನ್ನು ಓದಿದಾಗ ನನಗಾದ ಸಂತೋಷವನ್ನು ಮುಚ್ಚಿಡಲಾರೆ. ಆ ಯಂತ್ರಕ್ಕೆ ಕನ್ನಡ ಗೊತ್ತಿಲ್ಲ. ಆದರೆ ಅದರ ಬೇಸಿಕ್ ಭಾಷೆಯಲ್ಲಿ ವಿಡಿಯು (VDU) 23 ಎಂಬ ಆದೇಶವಿದ್ದು, ಅದರ ಮೂಲಕ ಬಳಕೆದಾರರೇ ತಮಗೆ ಬೇಕಾದ ಅಕ್ಷರವನ್ನು ಅಡ್ಡ 8, ಉದ್ದ 8 ಚುಕ್ಕಿಗಳ ಚೌಕದಲ್ಲಿ ಬಿಡಿಸಬಹುದು. ನಿಮ್ಮ ತಂದೆಯವರು ಮಾಡಿರುವುದು ಹೆಚ್ಚುಕಡಿಮೆ ಇದೇ ಇರಬೇಕೆಂದು ನನ್ನ ಊಹೆ. ಪ್ರತಿ ಸಾಲಿನ 8 ಚುಕ್ಕಿಗಳನ್ನು 128, 64, 32, 16, 8, 4, 2, 1 ಎಂಬ ಬೆಲೆಗಳಾಗಿ ತೆಗೆದುಕೊಂಡು, ಕಪ್ಪು ಮಾಡಿದ ಚೌಕಗಳ ಬೆಲೆಗಳನ್ನು ಕೂಡಿದರೆ ಆ ಸಾಲಿಗೊಂದು ಸಂಖ್ಯೆ ಬರುತ್ತದೆ. ಎಂಟು ಸಾಲಿಗೆ ಎಂಟು ಸಂಖ್ಯೆಗಳು. ಉದಾಹರಣೆಗೆ ವಿಡಿಯು 23, 224, 0, 60, 66, 66, 66, 66, 60, 0 ಎಂದು ಕೊಟ್ಟರೆ 224ನೆಯ ಅಕ್ಷರದ ಜಾಗದಲ್ಲಿ ಒಂದು ದುಂಡನೆಯ ಸೊನ್ನೆ ಮೂಡುತ್ತದೆ. ಅದು ನಮ್ಮ ಅನುಸ್ವಾರವೂ ಹೌದು, ಕನ್ನಡದ ಸೊನ್ನೆಯೂ ಹೌದು. ಇದು ಅತ್ಯಂತ ಸುಲಭದ ಅಕ್ಷರ. 'ಕ್ಷ'ವನ್ನೋ 'ಋ'ವನ್ನೋ ತಲೆಕಟ್ಟು, ಕೊಂಬು, ಒತ್ತುಗಳ ಸಮೇತ 8 ಚುಕ್ಕಿಗಳಲ್ಲಿ ಹಿಡಿಸಲು ಆಗುವುದೇ ಇಲ್ಲ. ನಾಲ್ಕು ಚೌಕಗಳನ್ನು ಎರಡರ ಮೇಲೆರಡರಂತೆ ಜೋಡಿಸಿ 16 ಚುಕ್ಕಿಗಳ ಚೌಕ ಮಾಡಿಕೊಂಡರೆ ಮಾತ್ರ ಓದುವಂತೆ ಬರುತ್ತದೆ. ಹಾಗೆ ಮಾಡಿದರೆ 40 ಅಂಕಣ, 32 ಸಾಲುಗಳ ಮೋಡ್ 4 ಪರದೆಯಲ್ಲಿ ಸಾಲಿಗೆ 20 ಅಕ್ಷರಗಳ ಹಾಗೆ 16 ಸಾಲು ಕನ್ನಡ ಹಿಡಿಯುತ್ತದೆ.

ಇಲ್ಲಿಯೇ ನೀವು ಎಚ್ಚರಿಕೆ ವಹಿಸಬೇಕಾದ ಒಂದು ಅಂಶವಿದೆ. ಯಂತ್ರ ಮಾಮೂಲಿನಂತೆ ಬದಲಿಸಲು ಬಿಡುವುದು 224ರಿಂದ 255ರವರೆಗಿನ 32 ಅಕ್ಷರಗಳನ್ನು ಮಾತ್ರ; ಕನ್ನಡದ ಒಂದಕ್ಷರಕ್ಕೆ ನಾಲ್ಕು ಬೇಕಾದರೆ ಎಂಟೇ ಅಕ್ಷರಗಳಾದವು, ಸ್ವರಗಳಿಗೇ ಸಾಲದು. ಇದನ್ನು ದಾಟಲು ಸ್ಟಾರ್ ಎಫ್‌ಎಕ್ಸ್ 20 (*FX 20) ಎಂಬ ಆದೇಶವಿದೆ. ಅದನ್ನು ಪೂರ್ತಿಯಾಗಿ ಬಳಸಿದರೆ 224 ಅಕ್ಷರಗಳವರೆಗೂ ಬದಲಿಸಬಹುದು, ಆದರೆ ಅವುಗಳ ಆಕಾರಗಳನ್ನು ಇಡಲು ರ‍್ಯಾಮ್‌ನಲ್ಲಿ 1536 ಬೈಟುಗಳ ಜಾಗ ಹೋಗುತ್ತದೆ, ಮತ್ತು ಆ ಜಾಗ ಇರುವುದು ಬೇಸಿಕ್ ಪ್ರೋಗ್ರಾಮ್ ಬಂದು ಕೂರುವ ಸ್ಥಳದಲ್ಲಿಯೇ. ಆದ್ದರಿಂದ ಇಂಥ ಕೆಲಸ ಮಾಡುತ್ತಿದ್ದವರು ಸಾಮಾನ್ಯವಾಗಿ ಪ್ರೋಗ್ರಾಮನ್ನು ಎರಡಾಗಿ ಮಾಡಿ, ಮೊದಲನೆಯ ಚಿಕ್ಕ ಪ್ರೋಗ್ರಾಮಿನಿಂದ ಜಾಗವನ್ನು ತೆರವು ಮಾಡಿಸಿ, ಅದರಿಂದಲೇ ಎರಡನೆಯದನ್ನು ಕರೆಸುತ್ತಿದ್ದರು. ನಿಮ್ಮ ಟೇಪಿನಲ್ಲಿಯೂ ಒಂದರ ಹಿಂದೆ ಒಂದು ಎರಡು ಕಡತಗಳಿದ್ದರೆ ಎರಡನೆಯದನ್ನು ನೇರವಾಗಿ ಓಡಿಸಬೇಡಿ. ಅದು ತನ್ನ ಮೇಲೆ ತಾನೇ ಬರೆದುಕೊಂಡು ನಿಂತುಹೋಗುತ್ತದೆ, ನೀವು ಟೇಪು ಕೆಟ್ಟಿದೆಯೆಂದು ತಪ್ಪು ತಿಳಿಯುತ್ತೀರಿ. ಮೊದಲು, ಪ್ರೋಗ್ರಾಮನ್ನು ತಂದೊಡನೆ ಓಡಿಸಿಬಿಡುವ ಚೈನ್ ಬದಲು, ತಂದಿಡುವುದನ್ನಷ್ಟೇ ಮಾಡುವ ಲೋಡ್ ಆದೇಶ ಕೊಟ್ಟು, ಆಮೇಲೆ ಲಿಸ್ಟ್ ಎಂದು ಟೈಪಿಸಿ, ಪ್ರೋಗ್ರಾಮಿನ ಸಾಲುಗಳನ್ನು ಓದಿ ನೋಡಿ. ಸಾಲುಗಳು ಸರಿಯಾಗಿದ್ದು ಪರದೆಯ ಮೇಲೆ ಕನ್ನಡ ಮಾತ್ರ ಬಾರದಿದ್ದರೆ ಮೋಡ್ 7ರಲ್ಲಿ ಇದ್ದೀರೋ ಎಂದು ನೋಡಿಕೊಳ್ಳಿ. ಯಂತ್ರ ಎದ್ದೇಳುವುದು ಆ ಮೋಡಿನಲ್ಲಿಯೇ, ಮತ್ತು ಅದರ ಅಕ್ಷರಗಳು ಬೇರೊಂದು ಚಿಪ್‌ನಲ್ಲಿ ಅಚ್ಚಾಗಿರುವುದರಿಂದ ಅಲ್ಲಿ ವಿಡಿಯು 23ರ ಆಟ ನಡೆಯುವುದಿಲ್ಲ.

ಕ್ಯಾಸೆಟ್‌ಗಳು ಮೂರರ ಎರಡೂ ಬದಿಗಳ ವೇವ್ ಕಡತಗಳು ಎರಡು ಬೇರೆ ಬೇರೆ ಕಡೆ ಉಳಿದ ಮೇಲೆ ಯಂತ್ರದ ಕಡೆ ತಿರುಗಬಹುದು. ಒಂದು ಒಳ್ಳೆಯ ಸುದ್ದಿ ಮೊದಲೇ ಹೇಳುತ್ತೇನೆ: ಆ ಕಾಲದ ನಂತರದ ಅನೇಕ ಗಣಕಗಳನ್ನು ಕೊಂದದ್ದು ಬೋರ್ಡಿನ ಮೇಲೆ ಬೆಸೆದ ಬ್ಯಾಟರಿಯಿಂದ ಸೋರಿದ ದ್ರವ, ಮಾಡೆಲ್ ಬಿಯಲ್ಲಿ ಅಂಥ ಬ್ಯಾಟರಿಯೇ ಇಲ್ಲ. ಅಪಾಯವಿರುವುದು ಪವರ್ ಸಪ್ಲೈಯಲ್ಲಿ. ಅದರೊಳಗೆ ಮನೆಯ ಕರೆಂಟಿನ ಎರಡು ತಂತಿಗಳ ನಡುವೆ ಗದ್ದಲ ಸೋಸಲು ಹಾಕಿದ ಎರಡು ಕೆಪಾಸಿಟರುಗಳಿವೆ, ಒಂದು 0.1 ಮೈಕ್ರೋಫ್ಯಾರಡ್, ಇನ್ನೊಂದು 0.01. ಲೋಹ ಲೇಪಿಸಿದ ಕಾಗದದಿಂದ ಮಾಡಿ ಪಾರದರ್ಶಕ ಹಳದಿ ಗೋಂದಿನಂಥ ಕವಚದಲ್ಲಿ ಅದ್ದಿದ ಈ ಜಾತಿಯ ಕೆಪಾಸಿಟರುಗಳ ಕವಚ ಕಾಲಕ್ರಮದಲ್ಲಿ ಸೂಕ್ಷ್ಮವಾಗಿ ಬಿರುಕು ಬಿಡುತ್ತದೆ, ಕಾಗದ ತೇವವನ್ನು ಹೀರುತ್ತದೆ, ಮತ್ತೆ ಕರೆಂಟು ಹಾಯ್ದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು ಆಮೇಲೆ ಸಿಡಿಯುತ್ತದೆ. ನನ್ನಲ್ಲಿದ್ದ ಅದೇ ಕಾಲದ ಬೇರೊಂದು ಯಂತ್ರ ಸುಮಾರು ಅರ್ಧ ಗಂಟೆ ಚೆನ್ನಾಗಿ ನಡೆದು, ಇನ್ನೇನು ಎಲ್ಲ ಸರಿಯಿದೆ ಎಂದುಕೊಂಡಾಗ ಟಪ್ಪೆಂದು ಸದ್ದಾಗಿ ಕೋಣೆಯ ತುಂಬ ಬಿಳಿಯ ಹೊಗೆ ತುಂಬಿಕೊಂಡಿತು; ಆ ಘಾಟು ಒಂದು ವಾರ ಹೋಗಲಿಲ್ಲ. ಯಂತ್ರಕ್ಕೆ ಏನೂ ಆಗಿರಲಿಲ್ಲ ಎಂಬುದೂ ನಿಜವೇ. ಆದರೂ ನಲವತ್ತು ಮಳೆಗಾಲ ಕಂಡ ಸಾಗರದ ಅಟ್ಟದಿಂದ ಬಂದ ಯಂತ್ರದಲ್ಲಿ ಈ ಎರಡು ಕೆಪಾಸಿಟರುಗಳನ್ನು ಬದಲಿಸದೆ ಕರೆಂಟು ಕೊಡುವುದು ನನಗೆ ಒಪ್ಪಿಗೆಯಿಲ್ಲ. ಅಂಗಡಿಯಲ್ಲಿ ಎಕ್ಸ್2 ಎಂದು ಗುರುತಿರುವ, 275 ವೋಲ್ಟ್ ಎಸಿಯ ಕೆಪಾಸಿಟರನ್ನೇ ಕೇಳಿ ಕೊಳ್ಳಿ; ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಇವು ಕೆಲವೇ ರೂಪಾಯಿಗೆ ಸಿಗುತ್ತವೆ.

ಮೇಲ್ಮುಚ್ಚಳ ತೆಗೆಯಲು ಹಿಂಬದಿಯಲ್ಲಿ ಎರಡು ಮತ್ತು ಅಡಿಯಲ್ಲಿ ಎರಡು ಸ್ಕ್ರೂಗಳಿದ್ದು ಅವುಗಳ ಪಕ್ಕದಲ್ಲಿ 'ಫಿಕ್ಸ್' ಎಂದೇ ಬರೆದಿರುತ್ತದೆ. ಎಡಬದಿಯ ಲೋಹದ ಪೆಟ್ಟಿಗೆಯೇ ಪವರ್ ಸಪ್ಲೈ. ಅದರಿಂದ ಬೋರ್ಡಿಗೆ ಹೋಗುವ ತಂತಿಗಳ ಫೋಟೋ ತೆಗೆಯದೆ ಯಾವುದನ್ನೂ ಕೀಳಬೇಡಿ. ಆ ಪೆಟ್ಟಿಗೆಯೊಳಗೆ ಕೆಲಸ ಮಾಡುವುದು ನಿಮಗೆ ಅಭ್ಯಾಸವಿಲ್ಲದಿದ್ದರೆ ಇಲ್ಲಿಗೆ ನಿಲ್ಲಿಸಿ, ಟಿವಿ ರಿಪೇರಿಯ ಅನುಭವವುಳ್ಳ ಮೆಕ್ಯಾನಿಕ್ ಒಬ್ಬರ ಕೈಗೆ ಕೊಡಿ. 230 ವೋಲ್ಟಿನ ಕರೆಂಟನ್ನು ನೇರಗೊಳಿಸಿದಾಗ ಒಳಗಿನ ದೊಡ್ಡ ಕೆಪಾಸಿಟರಿನಲ್ಲಿ 325 ವೋಲ್ಟ್‌ನಷ್ಟು ನಿಂತಿರುತ್ತದೆ, ಪ್ಲಗ್ಗು ತೆಗೆದ ಮೇಲೂ ಸ್ವಲ್ಪ ಹೊತ್ತು ಉಳಿದಿರಬಹುದು; ಮುಟ್ಟುವ ಮುನ್ನ ಮೀಟರಿನಿಂದ ನೋಡಲೇಬೇಕು. ಅನುಭವಸ್ಥ ಮೆಕ್ಯಾನಿಕ್ ಆದರೆ ಮೊದಲ ಸಲ ಸೀರೀಸ್ ಬಲ್ಬ್ ಹಾಕಿಯೇ ಕರೆಂಟು ಕೊಡುತ್ತಾರೆ: ಒಳಗೆ ಶಾರ್ಟ್ ಇದ್ದರೆ ಬಲ್ಬು ಪೂರ್ತಿ ಉರಿದು ಯಂತ್ರ ಉಳಿಯುತ್ತದೆ. ಒಂದು ಮಾತನ್ನು ಅವರಿಗೂ ಹೇಳಿ. ಇಡೀ ಬೋರ್ಡಿನ ಕೆಪಾಸಿಟರುಗಳನ್ನೆಲ್ಲ ಒಂದೇ ಏಟಿಗೆ ಬದಲಿಸುವ ರೂಢಿ ಈಗ ಹವ್ಯಾಸಿಗಳಲ್ಲಿ ಹಬ್ಬಿದೆ. ನಾನು ಅದನ್ನು ಒಪ್ಪುವುದಿಲ್ಲ. ಕೆಡದಿರುವುದನ್ನು ಕಿತ್ತಾಗ ಬೋರ್ಡಿನ ತಾಮ್ರದ ಗೆರೆಗಳು ಎದ್ದು ಬರುವ ಅಪಾಯವೇ ಹೆಚ್ಚು.

ಬೋರ್ಡಿನ ಮೇಲಿನ ಧೂಳನ್ನು ಕುಂಚದಿಂದ ತೆಗೆದು, ಸಾಕೆಟ್ಟಿನಲ್ಲಿ ಕುಳಿತಿರುವ ದೊಡ್ಡ ಚಿಪ್ಪುಗಳನ್ನು ಹೆಬ್ಬೆರಳಿನಿಂದ ನೇರವಾಗಿ ಒಮ್ಮೆ ಒತ್ತಿ ಕೂರಿಸಿ. ತೇವದ ಊರಿನಲ್ಲಿ ಕಾಲುಗಳು ಮಂಕುಹಿಡಿದು ಸಂಪರ್ಕ ಸಡಿಲವಾಗಿರುತ್ತದೆ. ಸತ್ತುಹೋಗಿದೆ ಎಂದು ತಂದುಕೊಟ್ಟ ಯಂತ್ರಗಳು ಇಷ್ಟರಿಂದಲೇ ಎದ್ದದ್ದನ್ನು ನೋಡಿದ್ದೇನೆ. ಆಮೇಲೆ ಸ್ವಿಚ್ಚು ಹಾಕಿದಾಗ ಮೊದಲು ಕಿವಿಗೊಡಿ. ಒಂದು ತಗ್ಗಿನ ಸದ್ದು ಆರಂಭವಾಗಿ, ಕೂಡಲೇ ಚಿಕ್ಕದೊಂದು ಬೀಪ್‌ನಿಂದ ಮುಗಿದರೆ ಪ್ರೊಸೆಸರ್ ಕೆಲಸ ಮಾಡುತ್ತಿದೆ ಎಂದರ್ಥ. ತಗ್ಗಿನ ಸದ್ದು ನಿಲ್ಲದೆ ಹಾಗೆಯೇ ಮುಂದುವರಿದರೆ ಪ್ರೊಸೆಸರ್ ತನ್ನ ಕೆಲಸ ಆರಂಭಿಸಿಲ್ಲ, ತಕ್ಷಣ ಆರಿಸಿ. ಪರದೆಯಲ್ಲಿ 'ಬಿಬಿಸಿ ಕಂಪ್ಯೂಟರ್ 32ಕೆ' ಎಂದೂ ಅದರ ಕೆಳಗೆ 'ಬೇಸಿಕ್' ಎಂದೂ ಬರಬೇಕು. 32ರ ಬದಲು 16 ಬಂದರೆ ರ‍್ಯಾಮ್‌ನ ಅರ್ಧ ಭಾಗ ಉತ್ತರಿಸುತ್ತಿಲ್ಲ, 'ಲ್ಯಾಂಗ್ವೇಜ್?' ಎಂದು ಕೇಳಿದರೆ ಬೇಸಿಕ್‌ಅನ್ನು ಅಚ್ಚುಮಾಡಿಟ್ಟಿರುವ ರಾಮ್ (ROM) ಚಿಪ್ ಸಡಿಲವಾಗಿದೆ ಅಥವಾ ಕೆಟ್ಟಿದೆ.

ಟಿವಿಯ ಜೋಡಣೆ ನೀವು ಅಂದುಕೊಂಡಷ್ಟು ಕಷ್ಟವಲ್ಲ. ಹಿಂಬದಿಯಲ್ಲಿ ವಿಡಿಯೋ ಔಟ್ ಎಂದಿರುವ, ತಿರುಗಿಸಿ ಬಿಗಿಯುವ ಬಿಎನ್‌ಸಿ ಕಿಂಡಿಗೆ ಸಿಸಿ ಕ್ಯಾಮೆರಾ ಅಂಗಡಿಗಳಲ್ಲಿ ಸಿಗುವ ಅಡಾಪ್ಟರ್ ಹಾಕಿ, ಟಿವಿಯ ಹಳದಿ ಎವಿ ಕಿಂಡಿಗೆ ಕೊಟ್ಟರೆ ಚಿತ್ರ ಬರುತ್ತದೆ. ಕಪ್ಪು ಬಿಳುಪಾಗಿ ಬಂದರೆ ಗಾಬರಿಯಾಗಬೇಡಿ, ಆ ಕಿಂಡಿಯಿಂದ ಸಾಮಾನ್ಯವಾಗಿ ಬರುವುದೇ ಹಾಗೆ. ಸದ್ದು ಯಂತ್ರದೊಳಗಿನ ಸ್ಪೀಕರಿನಿಂದಲೇ ಬರುತ್ತದೆ. ಬಣ್ಣ ಬೇಕೆಂದರೆ ಪಕ್ಕದ ಆರು ಪಿನ್ನಿನ ಆರ್‌ಜಿಬಿ ಕಿಂಡಿಯನ್ನು ಬಳಸಬೇಕು. ಅದನ್ನು ಎಚ್‌ಡಿಎಂಐಗೆ ತಿರುಗಿಸಲು ರಾಸ್ಪ್‌ಬೆರಿ ಪೈ ಝೀರೋ ಬೋರ್ಡನ್ನು ಆಧರಿಸಿ ಹವ್ಯಾಸಿಗಳು ರೂಪಿಸಿದ ಪರಿವರ್ತಕವೊಂದಿದ್ದು, ಅಕ್ಷರಗಳನ್ನು ಅತ್ಯಂತ ಸ್ಪಷ್ಟವಾಗಿ ತೋರಿಸುತ್ತದೆ. ಆ ಪುಟ್ಟ ಬೋರ್ಡಿನ ಮೇಲಿರುವುದು ಆರ್ಮ್ ಜಾತಿಯ ಪ್ರೊಸೆಸರ್. ಬಿಬಿಸಿ ಮೈಕ್ರೋವನ್ನು ರೂಪಿಸಿದ ಏಕಾರ್ನ್‌ನಲ್ಲಿಯೇ ಸೋಫಿ ವಿಲ್ಸನ್ ಮತ್ತು ಸ್ಟೀವ್ ಫರ್ಬರ್ ಅವರು ಮೊದಲ ಆರ್ಮ್ ಚಿಪ್ಪನ್ನು ವಿನ್ಯಾಸ ಮಾಡಿ 1985ರ ಏಪ್ರಿಲ್‌ನಲ್ಲಿ ಅದಕ್ಕೆ ಜೀವ ಕೊಟ್ಟರು. ನಿಮ್ಮ ಜೇಬಿನ ಫೋನಿನಲ್ಲಿ ಓಡುತ್ತಿರುವುದೂ ಅದೇ ವಂಶದ ಚಿಪ್ಪು. ಅಂದಹಾಗೆ, ಉಳಿಸಿಟ್ಟ ವೇವ್ ಕಡತವನ್ನು ಆ ಫೋನಿನಿಂದಲೇ ನುಡಿಸಿ, ಯಂತ್ರದ ಕ್ಯಾಸೆಟ್ ಕಿಂಡಿಗೆ ತಂತಿಯ ಮೂಲಕ ಕೊಟ್ಟು, ಸ್ಟಾರ್ ಟೇಪ್ (*TAPE) ಎಂದು ಟೈಪಿಸಿ ಪ್ರೋಗ್ರಾಮನ್ನು ಒಳಗೆ ಸೇರಿಸಬಹುದು. ಮೂಲ ಕ್ಯಾಸೆಟ್ಟನ್ನು ಮತ್ತೆ ಓಡಿಸುವ ಅಗತ್ಯವೇ ಬರುವುದಿಲ್ಲ.

ಕೊನೆಯದಾಗಿ, ಅಟ್ಟವನ್ನು ಇನ್ನೊಮ್ಮೆ ಹುಡುಕಿ. ಈ ಸಲ ಎಲೆಕ್ಟ್ರಾನಿಕ್ ವಸ್ತುವಿಗಾಗಿ ಅಲ್ಲ, ಕಾಗದಕ್ಕಾಗಿ. ವಿಡಿಯು 23ರ ಸಂಖ್ಯೆಗಳನ್ನು ಯಾರೂ ತಲೆಯಲ್ಲಿಯೇ ಲೆಕ್ಕ ಹಾಕಿ ಟೈಪಿಸುತ್ತಿರಲಿಲ್ಲ, ಗ್ರಾಫ್ ಹಾಳೆಯಲ್ಲಿ ಚೌಕ ತುಂಬಿ ಪಕ್ಕದಲ್ಲಿ ಸಾಲಿನ ಮೊತ್ತ ಬರೆದುಕೊಳ್ಳುತ್ತಿದ್ದರು. ಗಣಿತದ ಮೇಷ್ಟ್ರ ಮನೆಯಲ್ಲಿ ಗ್ರಾಫ್ ಪುಸ್ತಕಕ್ಕೆ ಕೊರತೆ ಇದ್ದಿರಲಾರದು. ಹಳೆಯ ಪಾಠದ ಟಿಪ್ಪಣಿ, ಹಾಜರಿ ಪುಸ್ತಕದ ಹಿಂಬದಿ, ಉತ್ತರಪತ್ರಿಕೆಗಳ ಕಟ್ಟು ಇವುಗಳ ನಡುವೆ 255ಕ್ಕಿಂತ ಹೆಚ್ಚಿಲ್ಲದ ಸಂಖ್ಯೆಗಳು ಎಂಟೆಂಟಾಗಿ ಸಾಲುಗಟ್ಟಿ ಕುಳಿತಿರುವ ಹಾಳೆ ಕಂಡರೆ ಅದನ್ನು ರದ್ದಿಗೆ ಹಾಕಬೇಡಿ. ಟೇಪಿನ ಯಾವುದಾದರೂ ತುಂಡು ಎಷ್ಟು ಸಲ ಓಡಿಸಿದರೂ ತಾಳೆಯಾಗದೆ ಹೋದರೆ, ಆ ತುಂಡಿನಲ್ಲಿದ್ದ ಅಕ್ಷರಗಳನ್ನು ಆ ಹಾಳೆ ನೋಡಿಕೊಂಡು ಎಮ್ಯುಲೇಟರಿನಲ್ಲಿ ಮತ್ತೆ ಟೈಪಿಸಬಹುದು.